ಕಾಲ ಹೆಬ್ಬೆರಳಿನ ದಾರ

ತಮಿಳುನಾಡಿನ ಹೊಸೂರಿನ ಹತ್ತಿರ, ಉದ್ದನಪಲ್ಲಿ ರಸ್ತೆಯ ಗುಲಾಬಿ ಕಂಪನಿಯಲ್ಲಿ ಎರಡೂವರೆ ವರ್ಷ ಎಲ್ಲರೂ ನನ್ನನ್ನು ‘ಕನ್ನಡಕ್ಕ’ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ಕೇಳಿದ್ದು ಎರಡೇ ಪ್ರಶ್ನೆ. ‘ಯಾವೂರಮ್ಮ?’ ಎಂದ. ಬೆಂಗಳೂರಿನ ಆಚೆ ಎಂದೆ. ‘ಕನ್ನಡದೋರಾ?’ ಎಂದ. ಹೂಂ ಎಂದೆ. ಎರಡು ಎಕರೆ ರಾಗಿ ಹೊಲ, ಕೊಟ್ಟಿಗೆಯಲ್ಲೊಂದು ಹಸು ಇರುವ ಮನೆಯವಳೆಂದು ಅವನು ತನ್ನಷ್ಟಕ್ಕೆ ಊಹಿಸಿಕೊಂಡ. ನಾನು ತಿದ್ದಲಿಲ್ಲ. ಆಧಾರ್ ಕಾರ್ಡಿನಲ್ಲಿ ಜಾತಿ ಬರೆದಿರುವುದಿಲ್ಲ, ದೇವರು ದೊಡ್ಡವನು.

ನಾನು ಹಕ್ಕಿಪಿಕ್ಕಿಯವಳು. ಗಡಿಯ ಆಚೆ ನಮ್ಮನ್ನು ಹಾಗೆ ಕರೆಯುತ್ತಾರೆ, ಈಚೆ ತಮಿಳಿನಲ್ಲಿ ನರಿಕುರವರು ಎನ್ನುತ್ತಾರೆ. ಒಲೆಯ ಮುಂದೆ ಆಡುವ ಮಾತು ಎರಡೂ ಕಡೆ ಒಂದೇ. ಆ ಮಾತನ್ನು ಬರೆಯಲು ನಾನು ಕಲಿಯಲಿಲ್ಲ, ಹಾಗಾಗಿ ಅದರಲ್ಲಿ ಆಡಿದ್ದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪ ಅವ್ವ ಮಣಿಸರ ಪೋಣಿಸಿ ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದರು. ನನ್ನನ್ನು ಮಾತ್ರ ಹಾಸ್ಟೆಲಿಗೆ ಹಾಕಿದರು. ಪಿಯುಸಿ ಮುಗಿಸಿದೆ. ಮದುವೆಯಾಯಿತು, ಮುರಿಯಿತು, ಅದರ ಕತೆ ಇಲ್ಲಿ ಬೇಡ. ಅಪ್ಪ ಅವ್ವ ಈಗಿಲ್ಲ. ಅಣ್ಣ ಕೂದಲೆಣ್ಣೆ ಮಾರಿಕೊಂಡು ಯಾವ ಯಾವುದೋ ದೇಶ ಸುತ್ತುತ್ತಾನೆ. ವರ್ಷಕ್ಕೆರಡು ಸಲ ವಿಡಿಯೊ ಕಾಲ್ ಮಾಡಿ ಊಟ ಆಯಿತೇ ಎಂದು ಕೇಳುತ್ತಾನೆ, ಆಯಿತು ಎನ್ನುತ್ತೇನೆ, ಅಷ್ಟರಲ್ಲಿ ಅವನ ನೆಟ್‌ವರ್ಕ್ ಹೋಗಿರುತ್ತದೆ.

ಗುಲಾಬಿ ಕಂಪನಿಗೂ ಮೊದಲು ಹೊಸೂರಿನ ಒಂದು ಬಟ್ಟೆ ಕಾರ್ಖಾನೆಯಲ್ಲಿ ನಿಜ ಹೇಳಿ ನೋಡಿದ್ದೆ. ನನಗೆ ಹೊಲಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಒಂದು ವರ್ಷ ಪೂರ್ತಿ ಹೆಲ್ಪರ್ ಎಂದೇ ಇಟ್ಟರು. ನನ್ನ ಪಕ್ಕ ನಿಂತು ಕಾಲರ್ ಹೊಲಿಯುವುದನ್ನು ನನ್ನಿಂದಲೇ ಕಲಿತ ಹುಡುಗಿಯರು ಮೂರು ತಿಂಗಳಿಗೆ ಟೈಲರ್ ಸಂಬಳಕ್ಕೆ ಹತ್ತಿದರು. ಕೇಳಿದರೆ, ‘ನಿಮ್ಮೋರು ಒಂದ್ಕಡೆ ನಿಲ್ಲಲ್ಲಮ್ಮ, ಇವತ್ತಿರ್ತೀರ, ನಾಳೆ ಗಂಟುಮೂಟೆ ಕಟ್ತೀರ’ ಎಂದರು. ಒಂದು ದಿನವೂ ರಜೆ ಹಾಕದೆ ವರ್ಷವಿಡೀ ನಿಂತವಳಿಗೆ ಹೇಳಿದ ಮಾತು ಇದು. ಮೈ ಉರಿದುಹೋಯಿತು. ಮಾರನೆಯ ದಿನವೇ ಕೆಲಸ ಬಿಟ್ಟೆ. ನಾನು ಬಿಟ್ಟದ್ದನ್ನು ನೋಡಿ, ಹೇಳಿರಲಿಲ್ಲವಾ ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡಿರುತ್ತಾರೆ.

ಹಾಗಾಗಿ ಗುಲಾಬಿ ಕಂಪನಿಯಲ್ಲಿ ಬಾಯಿ ಮುಚ್ಚಿಕೊಂಡೆ. ಫಲ ಸಿಕ್ಕಿತು. ಗ್ರೇಡಿಂಗ್ ಹಾಲ್‌ನಲ್ಲಿ ಮೇಜಿನ ಮುಂದೆ ನಿಲ್ಲುವ ಕೆಲಸ, ದಿನಕ್ಕೆ ನಾನೂರೈವತ್ತು. ಹಸಿರುಮನೆಯಿಂದ ಬಕೆಟ್ಟುಗಳಲ್ಲಿ ಹೂವು ಬರುತ್ತದೆ. ಕೆಳಗಿನ ಎಲೆ ಮುಳ್ಳು ತೆಗೆದು, ಕಡ್ಡಿಯ ಉದ್ದ ನೋಡಿ ಬೇರೆ ಬೇರೆ ಮಾಡಿ, ಇಪ್ಪತ್ತಿಪ್ಪತ್ತು ಸೇರಿಸಿ ಒಂದು ಕಟ್ಟು ಮಾಡಬೇಕು. ಮೊಗ್ಗಿನ ಸುತ್ತ ರಟ್ಟು, ಕಡ್ಡಿಗೆ ರಬ್ಬರ್ ಬ್ಯಾಂಡು. ಹಾಲ್ ಯಾವಾಗಲೂ ತಣ್ಣಗಿರುತ್ತಿತ್ತು. ಮೊದಲ ತಿಂಗಳು ಹೂವೆಂದರೆ ಖುಷಿಯಾಗುತ್ತಿತ್ತು, ಆಮೇಲೆ ಆಲೂಗಡ್ಡೆಗೂ ಗುಲಾಬಿಗೂ ವ್ಯತ್ಯಾಸ ಕಾಣಲಿಲ್ಲ.

ಊರೊಳಗೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡತಿ ತಲೆತಲಾಂತರದಿಂದ ಅಲ್ಲೇ ಇರುವ ಕನ್ನಡದ ಒಕ್ಕಲು ಮನೆಯ ಹೆಂಗಸು. ‘ಒಬ್ಳೇ ಏನ್ ಬೇಯ್ಸ್ಕೊಂತೀಯವ್ವ’ ಎಂದು ವಾರಕ್ಕೆರಡು ಸಲ ಮುದ್ದೆಗೆ ಸಾರು ಕಳಿಸುತ್ತಿದ್ದಳು. ಆ ಸಾರನ್ನು ಉಣ್ಣುವಾಗಲೆಲ್ಲ ನನಗೆ ಒಂದು ಕಳ್ಳತನದ ರುಚಿ ಬರುತ್ತಿತ್ತು. ಯಾರಿಗೂ ಹತ್ತಿರವಾಗುವ ಹಾಗಿರಲಿಲ್ಲ. ಹತ್ತಿರವಾದರೆ ನಿಮ್ಮಪ್ಪ ಏನು ಮಾಡುತ್ತಿದ್ದ, ನಿಮ್ಮ ಮನೆದೇವರು ಯಾವುದು ಎಂದು ಕೇಳುತ್ತಾರೆ. ಹಾಗಾಗಿ ಊಟದ ಡಬ್ಬಿ ಹಿಡಿದುಕೊಂಡು ಫೋನಿನಲ್ಲಿ ಏನೋ ನೋಡುವವಳಂತೆ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಕನ್ನಡಕ್ಕನಿಗೆ ಜಂಬ ಎಂದು ಹೆಸರಾಯಿತು. ಮನೆಯ ಮಾತನ್ನು ಎದುರಿಗಿರುವ ಮನುಷ್ಯರೊಂದಿಗೆ ಆಡಿ ಎರಡು ವರ್ಷ ಕಳೆದಿತ್ತು. ಕೋಣೆಯಲ್ಲಿ ಅನ್ನ ತಳಹತ್ತಿದಾಗ ಪಾತ್ರೆಗೆ ಆ ಮಾತಿನಲ್ಲಿ ಬೈಯುತ್ತಿದ್ದೆ, ಅದೂ ಮನೆಯೊಡತಿಗೆ ಕೇಳಿಸದ ಹಾಗೆ.

ಜನವರಿ ಕೊನೆಗೆ ಹೂವಿನ ಕಂಪನಿಗಳಿಗೆ ಹುಚ್ಚು ಹಿಡಿಯುತ್ತದೆ. ಪ್ರೇಮಿಗಳ ದಿನಕ್ಕೆ ವಿದೇಶಕ್ಕೆ ಹೋಗುವ ಹೂವು, ಇದ್ದ ಕೈ ಸಾಲುವುದಿಲ್ಲ. ಆ ವರ್ಷ ಕಂಟ್ರ್ಯಾಕ್ಟರ್ ಎರಡು ವ್ಯಾನು ಜನ ತಂದ. ಒಂದರಲ್ಲಿ ಡೆಂಕಣಿಕೋಟೆ ಕಡೆಯ ಹಳ್ಳಿಯ ಹೆಂಗಸರು. ಇನ್ನೊಂದರಲ್ಲಿ ಸೂಳಗಿರಿ ದಾಟಿ ಕೃಷ್ಣಗಿರಿ ಕಡೆಗೆ ಇರುವ ನರಿಕುರವರ ಕಾಲೊನಿಯ ಹನ್ನೊಂದು ಹೆಂಗಸರು. ಗೇಟಿನಲ್ಲಿ ಅವರ ಮಣಿಸರ ಬಳೆಯನ್ನೆಲ್ಲ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಸಿದರು. ಕತ್ತು ಖಾಲಿಯಾದ ಅವರು ಹಾಲ್‌ನೊಳಗೆ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ಅವರ ಮಾತು ಕಿವಿಗೆ ಬಿದ್ದ ಕೂಡಲೇ ಅವ್ವನ ನೆನಪಾಗಿ ಕಣ್ಣು ತುಂಬಿತು. ಗುಲಾಬಿ ಬಕೆಟ್ಟಿಗೆ ತಲೆ ಬಗ್ಗಿಸಿದೆ.

ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು, ನಮ್ಮವ್ವನ ವಯಸ್ಸಿನವಳನ್ನು, ನನ್ನದೇ ಮೇಜಿಗೆ ಹಾಕಿದರು. ಒಂದೇ ದಿನದಲ್ಲಿ ಕೆಲಸ ಹಿಡಿದಳು. ಕಡ್ಡಿಯ ಉದ್ದವನ್ನು ಅಳತೆಗೆರೆಯ ಮೇಲಿಟ್ಟು ನೋಡುವುದೇ ಇಲ್ಲ, ಕಣ್ಣಿಗೆ ಕಂಡರೆ ಸಾಕು. ಸಣ್ಣ ಮಣಿ, ಅದಕ್ಕಿಂತ ಸಣ್ಣ ಮಣಿ ಎಂದು ಜೀವಮಾನವಿಡೀ ಬೇರ್ಪಡಿಸಿದ ಕಣ್ಣು ಅದು. ಮೂರನೆಯ ದಿನ ಮಧ್ಯಾಹ್ನ ಅವಳು ನನ್ನ ಕಡೆ ತಿರುಗದೆಯೇ, ಮೆಲ್ಲಗೆ, ನಮ್ಮ ಮಾತಿನಲ್ಲಿ, ‘ಮಗಾ, ಆ ನೀರಿನ ಬಾಟ್ಲಿ ಇತ್ತ ಕೊಡು’ ಎಂದಳು. ‘ನಿಮ್ಮ ಭಾಷೆ ನಂಗೆ ಬರಲ್ಲಮ್ಮ’ ಎಂದು ಕನ್ನಡದಲ್ಲಿ ಹೇಳಿದೆ. ಹೇಳುವಷ್ಟರಲ್ಲಿ ನನ್ನ ಕೈ ಬಾಟಲಿಯನ್ನು ಅವಳ ಮುಂದೆ ಹಿಡಿದಾಗಿತ್ತು. ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು, ನೀರು ಕುಡಿದು ಮುಚ್ಚಳ ತಿರುಗಿಸಿ ಕೊಟ್ಟಳು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಶನಿವಾರ ಸಂಬಳದ ಕವರು ಕೊಟ್ಟರು. ಗೇಟಿನ ಹತ್ತಿರ ಅವಳು ನನ್ನನ್ನು ಕಾಯುತ್ತಿದ್ದಳು. ಈ ಸಲ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು. ‘ಏನಮ್ಮಾ, ನಂಗೆ ದಿನಕ್ಕೆ ಮುನ್ನೂರು ಪೋಟವ್ರೆ. ನಿಂಗೆಷ್ಟು?’

ನನಗೆ ಗೊತ್ತಿತ್ತು. ನನಗೆ ನಾನೂರೈವತ್ತು. ನಾಲ್ಕೇ ದಿನದ ಹಿಂದೆ ಬಂದ, ಇನ್ನೂ ಮುಳ್ಳು ಚುಚ್ಚಿಸಿಕೊಂಡು ಅಯ್ಯೋ ಎನ್ನುತ್ತಿದ್ದ ಡೆಂಕಣಿಕೋಟೆಯ ಹೊಸಬರಿಗೂ ನಾನೂರೈವತ್ತು. ಕಾಲೊನಿಯ ಹನ್ನೊಂದು ಜನಕ್ಕೆ ಮಾತ್ರ ಮುನ್ನೂರು. ಕೆಲಸ ಒಂದೇ, ಮೇಜು ಒಂದೇ. ‘ಎಲ್ರಿಗೂ ಅಷ್ಟೇ ಕಣಮ್ಮ’ ಎಂದುಬಿಟ್ಟೆ. ಅವಳು ತಲೆಯಾಡಿಸಿ ವ್ಯಾನು ಹತ್ತಿದಳು. ಅವತ್ತು ಮನೆಯೊಡತಿ ಸಾರು ತಂದಾಗ ಹೊಟ್ಟೆ ಸರಿಯಿಲ್ಲ ಎಂದು ವಾಪಸ್ಸು ಕಳಿಸಿದೆ. ಸರಿಯಿಲ್ಲದಿದ್ದುದು ಹೊಟ್ಟೆಯಲ್ಲ. ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು.

ಫೆಬ್ರವರಿ ಮೊದಲ ವಾರ ಹೊರದೇಶದ ಯಾರೋ ಗಿರಾಕಿಯಿಂದ ಹೊಸ ಅಪ್ಪಣೆ ಬಂತು. ಅವರಿಗೆ ರಬ್ಬರ್ ಬ್ಯಾಂಡು ಬೇಡವಂತೆ, ಸೆಣಬಿನ ದಾರದಲ್ಲೇ ಬಿಗಿಯಾಗಿ ಸುತ್ತಿ ಗಂಟು ಹಾಕಬೇಕಂತೆ. ಸೂಪರ್‌ವೈಸರ್ ದಾರದ ಉಂಡೆಗಳನ್ನು ಮೇಜಿನ ಮೇಲೆ ಉರುಳಿಸಿದ. ನಿಂತುಕೊಂಡು ಕಟ್ಟಲು ಹೋದರೆ ಮೂರು ಕೈ ಬೇಕು. ಕಟ್ಟು ಹಿಡಿಯಲೊಂದು, ಸುತ್ತಲೊಂದು, ದಾರದ ತುದಿಯನ್ನು ಎಳೆದು ಹಿಡಿಯಲೊಂದು. ಕೆಲವರು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಕಟ್ಟುಗಳು ಜಾರಿ ಬಿದ್ದು ಮೊಗ್ಗು ಮುರಿದವು. ಮಧ್ಯಾಹ್ನ ಮೂರಕ್ಕೆ ಏರ್‌ಪೋರ್ಟಿನ ಲಾರಿ ಹೊರಡಬೇಕು. ಸೂಪರ್‌ವೈಸರ್ ಮೂರು ಭಾಷೆಯಲ್ಲಿ ಬೈಯುತ್ತಾ ಓಡಾಡತೊಡಗಿದ.

ಆಗ ಹಿರಿಯಳು ಒಂದು ಗೋಣಿಚೀಲ ಎಳೆದುಕೊಂಡು ನೆಲಕ್ಕೆ ಕೂತಳು. ಒಂದು ಕಾಲು ಮಡಚಿ, ಇನ್ನೊಂದನ್ನು ನೀಟಾಗಿ ಚಾಚಿದಳು. ದಾರದ ತುದಿಯನ್ನು ಕಾಲ ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ ಬಿಗಿ ಮಾಡಿದಳು. ಈಗ ಎರಡೂ ಕೈ ಖಾಲಿ. ಕಟ್ಟು ತಿರುಗಿಸಿದಳು, ಗಂಟು ಬಿತ್ತು, ಪಕ್ಕಕ್ಕಿಟ್ಟಳು. ಉಳಿದ ಹತ್ತು ಜನವೂ ಕೂತರು. ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ಮಣಿ ಪೋಣಿಸುವ ನಮ್ಮ ಹೆಂಗಸರು ಕೂರುವ ರೀತಿ ಅದೇ. ಹಾಲ್‌ನಲ್ಲಿ ಕಿಸಕಿಸ ನಗು ಎದ್ದಿತು. ‘ಹೂವ್ನ ಕಾಲಲ್ಲಿ ಕಟ್ತಾವ್ರೆ ನೋಡ್ರೇ’ ಎಂದು ಯಾರೋ ಕೂಗಿದಳು. ಸೂಪರ್‌ವೈಸರ್ ಬಂದವನು ಬಾಯಿ ತೆರೆದು, ಗಡಿಯಾರ ನೋಡಿ, ಬಾಯಿ ಮುಚ್ಚಿಕೊಂಡು ಹೋದ.

ನಾನು ಮೇಜಿನ ಮುಂದೆಯೇ ನಿಂತು ಉಳಿದವರಂತೆ ಒದ್ದಾಡುತ್ತಿದ್ದೆ. ಬೇಕೆಂದೇ ಒದ್ದಾಡುತ್ತಿದ್ದೆನೋ, ನಿಜವಾಗಿಯೂ ಬರುತ್ತಿರಲಿಲ್ಲವೋ, ಈಗ ಹೇಳಲಾರೆ. ಎರಡು ಗಂಟೆ ಹೊತ್ತಿಗೆ ಸೂಪರ್‌ವೈಸರ್ ನನ್ನ ಮುಂದೆ ನಿಂತು, ‘ಏನ್ ಕನ್ನಡಕ್ಕ, ಎಲ್ರಿಗಿಂತ ಹಳೇ ಕೈ ನಿಂದು, ಬೆಳಗಿಂದ ನಲ್ವತ್ತೂ ಆಗಿಲ್ವಲ್ಲ’ ಎಂದ. ನನಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ಅಂದರೆ ತಡೆದುಕೊಳ್ಳಲಾಗುವುದಿಲ್ಲ, ಹಾಳು ಸ್ವಭಾವ. ಸಿಟ್ಟು ನೆತ್ತಿಗೇರಿತು. ಚಪ್ಪಲಿ ಬಿಟ್ಟೆ. ದಾರದ ಉಂಡೆ ಎತ್ತಿಕೊಂಡೆ. ಆಮೇಲೆ ನನಗೆ ನೆನಪಿರುವುದು ಕೈಗಳ ಓಟ ಮಾತ್ರ. ಆರೇಳು ವಯಸ್ಸಿನಲ್ಲಿ ಅವ್ವನ ಪಕ್ಕ ಕೂತು ಕಲಿತದ್ದು, ಹಾಸ್ಟೆಲಿನ ಹನ್ನೆರಡು ವರ್ಷ ಅದನ್ನು ಅಳಿಸಿರಲಿಲ್ಲ. ಹಾಲ್ ಯಾಕೋ ಸದ್ದಿಲ್ಲದಂತಾಯಿತು ಅನ್ನಿಸಿ ತಲೆ ಎತ್ತಿದೆ. ಎಲ್ಲರೂ ನನ್ನ ಕಾಲನ್ನು ನೋಡುತ್ತಿದ್ದರು. ನಾನು ನೆಲದ ಮೇಲೆ ಕೂತಿದ್ದೆ, ಒಂದು ಕಾಲು ಚಾಚಿತ್ತು, ದಾರ ಹೆಬ್ಬೆರಳಿನಲ್ಲಿತ್ತು, ಪಕ್ಕದಲ್ಲಿ ಕಟ್ಟುಗಳ ರಾಶಿ ಬಿದ್ದಿತ್ತು.

ಹಿರಿಯಳು ತನ್ನ ಗೋಣಿಚೀಲದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ‘ನೆಲ ತಣ್ಣಗದೆ, ಇಲ್ಲಿ ಬಾ’ ಎಂದಳು, ನಮ್ಮ ಮಾತಿನಲ್ಲಿ. ಇನ್ನೇನು ಮುಚ್ಚಿಡುವುದು? ಎದ್ದು ಹೋಗಿ ಕೂತೆ. ‘ಅವತ್ತು ಸಂಬಳದ ವಿಷಯ ಸುಳ್ಳು ಹೇಳಿದೆ’ ಎಂದೆ, ಅದೇ ಮಾತಿನಲ್ಲಿ. ನಾಲಿಗೆ ಎರಡು ಕಡೆ ತೊಡರಿತು.

‘ಗೊತ್ತು’ ಎಂದಳು. ‘ಎಲ್ಲ ಕಡೆ ನಮಗೆ ಕಮ್ಮೀನೇ. ನೀನು ಏನಂತೀಯ ನೋಡೋಣ ಅಂತ ಕೇಳ್ದೆ.’

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವ್ವ ಯಾರು, ಯಾವ ಕಡೆಯವರು ಎಂದು ಕೇಳಿದಳು. ಅವ್ವನ ತವರಿನವರನ್ನು ಅವಳ ನಾದಿನಿ ಬಲ್ಲಳಂತೆ. ಆ ಒಂದು ಗಂಟೆ ನಾನು ಎರಡು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತಾಡಿದೆ. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಆ ದಿನ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಆಮೇಲೆ ನಡೆದದ್ದರಿಂದ ಅದು ಸುಳ್ಳಾಗುವುದಿಲ್ಲ.

ಸುದ್ದಿ ನನಗಿಂತ ಮೊದಲೇ ಊರು ತಲುಪಿತ್ತು. ಮನೆಯೊಡತಿ ಬಾಗಿಲಲ್ಲಿ ನಿಂತು, ‘ಅದೇನೋ ಅಂತಾವ್ರೆ, ದಿಟವೇನವ್ವ?’ ಎಂದಳು. ದಿಟ ಎಂದೆ. ‘ಇರ್ಲಿ ಬುಡು, ಯಾರಾದ್ರೇನು, ಎಲ್ಲಾ ಮನುಷ್ರೇ’ ಎಂದು ಒಳಗೆ ಹೋದಳು. ಕೋಣೆ ಬಿಡು ಎಂದು ಅವಳು ಯಾವತ್ತೂ ಅನ್ನಲಿಲ್ಲ. ಸಾರು ಮಾತ್ರ ಮತ್ತೆ ಬರಲಿಲ್ಲ.

ಮುಂದಿನ ಶನಿವಾರದ ಕವರಿನಲ್ಲಿ ನನಗೆ ದಿನಕ್ಕೆ ಮುನ್ನೂರರಂತೆ ಹಾಕಿದ್ದರು. ಎರಡೂವರೆ ವರ್ಷದ ಕೈ ಒಂದು ಮಧ್ಯಾಹ್ನ ನೆಲಕ್ಕೆ ಕೂತದ್ದಕ್ಕೆ ಹೊಸಬರಿಗಿಂತ ಅಗ್ಗವಾಯಿತು. ಕವರು ಹಿಡಿದುಕೊಂಡೇ ಸೂಪರ್‌ವೈಸರನ ಕೋಣೆಗೆ ನುಗ್ಗಿದೆ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಕುರ್ಚಿ ತೋರಿಸಿದ, ಟೀ ತರಿಸಲಾ ಎಂದ. ‘ಮೊದ್ಲೇ ಹೇಳ್ಬೇಕಿತ್ತಲ್ಲಮ್ಮ ನೀನು. ಆಫೀಸಿಂದ ಒಂದೇ ರೇಟು, ಕಾಲೊನಿಯೋರು ಅಂದ್ರೆ ಮುನ್ನೂರು. ನಾನೇನ್ ಮಾಡ್ಲಿ?’ ಎಂದ.

‘ಕಾಲೊನಿಯೋರು ಕಮ್ಮಿ ಕೆಲ್ಸ ಮಾಡ್ತಾರಾ?’

‘ಜಾಸ್ತೀನೇ ಮಾಡ್ತಾರೆ. ಆದ್ರೆ ಅವ್ರಿಗೆ ಅಷ್ಟು ಕೊಟ್ರೆ ಸಾಕಮ್ಮ, ಅವ್ರೇನ್ ಬಾಡ್ಗೆ ಕಟ್ಬೇಕಾ, ಮಕ್ಳುನ್ನ ಓದುಸ್ಬೇಕಾ?’ ಆಮೇಲೆ ದನಿ ತಗ್ಗಿಸಿ, ‘ನೋಡು, ನೀನು ಓದಿದೋಳು. ನಿಂದು ಒಂದ್ನ ಮಾತಾಡಿ ಸರಿ ಮಾಡುಸ್ತೀನಿ. ಅವ್ರ ಜೊತೆ ಕೂತ್ಕೋಬೇಡ, ಮೇಜಿನ ಹತ್ರ ನಿಂತ್ಕೋ. ಅವ್ರ ವಿಸ್ಯ ಬುಟ್ಬುಡು’ ಎಂದ.

ಇಲ್ಲಿ ನಿಜ ಬರೆಯಬೇಕು. ಹನ್ನೊಂದು ಹೆಂಗಸರ ಕವರು ಮೊದಲ ವಾರವೇ ತೆಳ್ಳಗಿದ್ದಾಗ ನಾನು ಈ ಕೋಣೆಗೆ ಬಂದಿರಲಿಲ್ಲ. ನನ್ನದು ತೆಳ್ಳಗಾದಾಗ ಬಂದೆ. ಆ ನಾಚಿಕೆ ಒಳಗೆ ಕುದಿಯುತ್ತಿತ್ತು. ಅದಕ್ಕೇ ದನಿ ಏರಿತು. ‘ಹನ್ನೆರಡು ಜನಕ್ಕೂ ನಾನೂರೈವತ್ತು ಕೊಡಿ. ಇಲ್ಲಾಂದ್ರೆ ಸೋಮವಾರದಿಂದ ನಮ್ಮಲ್ಲಿ ಒಬ್ರೂ ಬರಲ್ಲ’ ಎಂದೆ. ‘ನಮ್ಮಲ್ಲಿ’ ಎಂದು ಹೇಳುವಾಗ ಮೈ ಜುಮ್ಮೆಂದಿತು, ಅಷ್ಟು ಹೆಮ್ಮೆಯಾಯಿತು. ಅವನು ‘ಸರಿಯಮ್ಮ, ಹೇಳ್ತೀನಿ’ ಎಂದ. ಗೆದ್ದೆ ಎಂದುಕೊಂಡೆ. ಹೊರಗೆ ಬಂದಾಗ ಕಾಲೊನಿಯ ವ್ಯಾನು ಆಗಲೇ ಹೋಗಿತ್ತು. ಇರಲಿ, ಸೋಮವಾರ ಹೇಳಿದರಾಯಿತು, ಎಷ್ಟು ಖುಷಿಪಡುತ್ತಾರೋ ಎಂದು ಭಾನುವಾರವಿಡೀ ಒಬ್ಬಳೇ ಕೋಣೆಯಲ್ಲಿ ನಗುತ್ತಿದ್ದೆ.

ಸೋಮವಾರ ಗೇಟಿನಲ್ಲಿ ಎರಡೂ ವ್ಯಾನುಗಳು ನಿಂತಿದ್ದವು. ಎರಡರಿಂದಲೂ ಡೆಂಕಣಿಕೋಟೆ ಕಡೆಯ ಹೆಂಗಸರೇ ಇಳಿದರು. ಸೆಣಬಿನ ದಾರದ ಆರ್ಡರು ಮುಗಿದಿತ್ತು, ರಬ್ಬರ್ ಬ್ಯಾಂಡು ಯಾರಾದರೂ ಹಾಕುತ್ತಾರೆ. ಸೂಪರ್‌ವೈಸರ್ ನನ್ನ ಕಡೆ ನೋಡಲಿಲ್ಲ. ವಾಚ್‌ಮನ್ನೇ ಹೇಳಿದ. ‘ನೀವೇ ಅಂದ್ರಂತಲ್ಲಕ್ಕಾ, ಯಾರೂ ಬರಲ್ಲ ಅಂತ. ಕಂಟ್ರ್ಯಾಕ್ಟರ್‌ಗೆ ಆಫೀಸೋರು ಅಂಗೇ ಯೋಳ್ಬುಟ್ರು.’

ಕೆಲಸಕ್ಕೆ ಒಳಗೆ ಹೋಗದೆ ಅಲ್ಲಿಂದಲೇ ಸೂಳಗಿರಿಗೆ ಬಂದು, ಬಸ್ಸು ಬದಲಾಯಿಸಿ, ಕೇಳಿಕೊಂಡು ಕೇಳಿಕೊಂಡು ಕಾಲೊನಿಗೆ ಹೋದೆ. ಹೈವೇಯಿಂದ ಒಂದು ಮೈಲು ಒಳಗೆ, ಸರ್ಕಾರ ಕಟ್ಟಿಸಿದ ಒಂದೇ ಥರದ ಮನೆಗಳು. ಹಿರಿಯಳು ಹೊಸ್ತಿಲ ಹೊರಗೆ ಬಿಸಿಲಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದಳು, ಮೊಮ್ಮಗಳನ್ನು ಕೂಗಿ ನೀರು ಕೊಡಿಸಿದಳು. ಆ ಮರ್ಯಾದೆ ನನಗೆ ಹೆದರಿಕೆ ಹುಟ್ಟಿಸಿತು. ಬಸ್ಸಿನಲ್ಲಿ ಬರುವಾಗ ಏನೇನು ಹೇಳಬೇಕೆಂದುಕೊಂಡಿದ್ದೆನೋ ಎಲ್ಲ ಹೇಳಿದೆ. ರೇಟಿನ ಅನ್ಯಾಯ ಹೇಳಿದೆ, ಅವನು ನನಗೊಬ್ಬಳಿಗೇ ಕೊಡುತ್ತೇನೆ ಎಂದದ್ದು, ನಾನು ಬೇಡವೆಂದದ್ದು ಹೇಳಿದೆ. ಲೇಬರ್ ಆಫೀಸಿಗೆ ಅರ್ಜಿ ಬರೆಯೋಣ, ನಾನೇ ಬರೆಯುತ್ತೇನೆ ಎಂದೆ. ಅಕ್ಕಪಕ್ಕದ ಮನೆಗಳಿಂದ ಉಳಿದ ಹೆಂಗಸರೂ ಬಂದು ಸ್ವಲ್ಪ ದೂರದಲ್ಲೇ ನಿಂತರು.

ಅವಳು ಮೊರದಲ್ಲಿ ಬೆರಳಾಡಿಸುತ್ತಲೇ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ, ‘ಸೀಸನ್ನು ಇನ್ನೂ ಎಂಟು ದಿನ ಇತ್ತು’ ಎಂದಳು. ‘ಬಸ್‌ಸ್ಟ್ಯಾಂಡಲ್ಲಿ ಈಗ ಕೂರಕ್ಕೆ ಬಿಡಲ್ಲ. ಇದು ಬಿಟ್ರೆ ಮುಂದಿನ್ ವರ್ಷಾನೇ ನಮಗೆ ಇಂಥ ಕೆಲ್ಸ.’

‘ಆದ್ರೆ ಮುನ್ನೂರಕ್ಕೆ...’ ಎಂದೆ.

‘ಮುನ್ನೂರು ಕಮ್ಮಿ ಅಂತ ನಂಗೆ ಗೊತ್ತಿಲ್ವಾ ಮಗಾ? ನೀನು ಹೇಳಿದ್ದೇನೂ ತಪ್ಪಲ್ಲ. ಕೇಳ್ಬೇಕು ಅಂದಿದ್ರೆ ನಾವೂ ನಿನ್ ಜೊತೆ ಬಂದು ನಿಂತ್ಕೊಂತಿದ್ವೇನೋ. ಕೆಲ್ಸ ಮುಗುದ್ಮೇಲೆ ಕೇಳಣ ಅಂತಿದ್ವೇನೋ. ನಮ್ಮನ್ನ ಒಂದ್ ಮಾತು ಕೇಳ್ದೆ, ಯಾರೂ ಬರಲ್ಲ ಅಂತ ನೀನೇ ಹೆಂಗ್ ಹೇಳ್ದೆ?’ ಮೊರ ಕೆಳಗಿಟ್ಟಳು. ‘ರೇಟು ಕಟ್ವಾಗ ಅವ್ರೂ ನಮ್ಮನ್ನ ಕೇಳಲ್ಲ. ನೀನೂ ಕೇಳ್ಲಿಲ್ಲ.’

ದನಿ ಏರಿಸಲಿಲ್ಲ. ಅಳು ಬಂತು, ಆ ಹೆಂಗಸರ ಮುಂದೆ ಅಳುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸಿತು. ಊಟ ಮಾಡಿಕೊಂಡು ಹೋಗು ಎಂದು ಅವಳು ಕರೆದಳು, ಕರೆಯಬೇಕಾದ್ದಕ್ಕೆ ಕರೆದಳು. ಬೇಡವೆಂದು ಎದ್ದೆ. ಹೈವೇವರೆಗೆ ನಡೆದು ಬಂದು ನಿಂತೆ. ಸೂಳಗಿರಿ ಕಡೆಯ ಬಸ್ಸು ಬರಲು ತುಂಬ ಹೊತ್ತಾಯಿತು.